ದೇವರು ಹೇಳಿದ್ದು ಯಾವುದು, ಮನುಷ್ಯರು ಸೇರಿಸಿದ್ದು ಯಾವುದು?

ಪ್ರಶ್ನೆ: ನಾನು ಬದಿಯಡ್ಕ ಸಮೀಪದವಳು, ಪದವಿ ಓದುತ್ತಿದ್ದೇನೆ. ಮುಟ್ಟಾದಾಗ ಮೂರು ದಿನ ಒಳಗೆ ಬರಬಾರದು, ಉಪ್ಪಿನಕಾಯಿ ಭರಣಿ ಮುಟ್ಟಬಾರದು, ಹೆಂಗಸರು ವೇದಮಂತ್ರ ಹೇಳಬಾರದು ಎಂಬುದು ನಮ್ಮ ಮನೆಯ ಕಟ್ಟುನಿಟ್ಟು. ನನ್ನ ಗೆಳತಿಯದು ಮುಸ್ಲಿಂ ಮನೆ. ಅವರ ಮನೆಯಲ್ಲಿ ಇಬ್ಬರೂ ಹೆಣ್ಣುಮಕ್ಕಳೇ. ತಂದೆಯ ಕಾಲಾನಂತರ ಆಸ್ತಿಯಲ್ಲಿ ಒಂದು ಪಾಲು ದೊಡ್ಡಪ್ಪನಿಗೆ ಹೋಗುತ್ತದಂತೆ. ಅವರು ಮಸೀದಿಗೂ ಹೋಗುವಂತಿಲ್ಲ. ಯಾಕೆಂದು ಕೇಳಿದರೆ ಎರಡೂ ಮನೆಗಳಲ್ಲಿ ಒಂದೇ ಉತ್ತರ: ‘ಇದು ದೇವರು ಮಾಡಿದ ನಿಯಮ.’ ನಿಜಕ್ಕೂ ದೇವರ ಮಾತೇ, ಅಥವಾ ಗಂಡಸರ ವ್ಯಾಖ್ಯಾನವೇ? ದೇವರನ್ನು ನಂಬುವವಳು ಇದನ್ನು ಪ್ರಶ್ನಿಸಬಹುದೇ?

ಉತ್ತರ: ಖಂಡಿತ ಪ್ರಶ್ನಿಸಬಹುದು. ದೇವರು ಮಾತನಾಡಿದನೇ ಇಲ್ಲವೇ ಎಂಬುದು ನಂಬಿಕೆಗೆ ಬಿಟ್ಟದ್ದು, ಅದನ್ನು ಬೇರೆಯವರು ನಿಮಗೆ ತೀರ್ಮಾನಿಸಿ ಕೊಡಲಾಗದು. ಆದರೆ ಇಂದು ನಿಮ್ಮ ಮನೆಯಲ್ಲಿ ನಡೆಯುತ್ತಿರುವ ನಿಯಮ ಯಾವ ಗ್ರಂಥದ ಯಾವ ಮಾತಿನಿಂದ ಹೊರಟು, ಯಾರ ಯಾರ ಕೈದಾಟಿ ನಿಮ್ಮವರೆಗೆ ಬಂತು ಎಂಬುದನ್ನು ಪರೀಕ್ಷಿಸಲು ಸಾಧ್ಯವಿದೆ. ಹಾಗೆ ಪರೀಕ್ಷಿಸಿದಾಗ ಕಾಣುವುದಿಷ್ಟು: ಹೆಣ್ಣು ಗಂಡಿನ ಬಗೆಗಿನ ಕಟ್ಟಳೆಗಳಲ್ಲಿ ಹೆಚ್ಚಿನವು ವ್ಯಾಖ್ಯಾನಕಾರರ ತೀರ್ಮಾನ ಮತ್ತು ಊರಿನ ರೂಢಿ. ಸ್ವಲ್ಪ ಭಾಗ ಮಾತ್ರ ಮೂಲಗ್ರಂಥದ ನೇರ ಮಾತು. ಆ ಸ್ವಲ್ಪ ಭಾಗವೂ ಇಲ್ಲವೆಂದು ಸಾಧಿಸಲು ಹೊರಟರೆ ವಾದ ಸೋಲುತ್ತದೆ, ಅದು ಪ್ರಾಮಾಣಿಕವೂ ಅಲ್ಲ.

ನಿಮ್ಮ ಸುತ್ತಮುತ್ತಲಿನ ಊರುಗಳೇ ಇದಕ್ಕೆ ಸಾಕ್ಷಿ. ಕುಂಬಳೆ ಸೀಮೆಯ ಒಂದೇ ಗ್ರಾಮದಲ್ಲಿ ಬ್ರಾಹ್ಮಣರ ಮನೆಯಲ್ಲಿ ಮಕ್ಕಳ ಸಂತಾನ, ಬಂಟರ ಮನೆಯಲ್ಲಿ ಅಳಿಯಸಂತಾನ ನಡೆಯುತ್ತಿತ್ತು. ಒಂದರಲ್ಲಿ ಆಸ್ತಿ ಅಪ್ಪನಿಂದ ಮಗನಿಗೆ. ಇನ್ನೊಂದರಲ್ಲಿ ಕುಟುಂಬದ ಕವರುಗಳೆಲ್ಲ, ಅಂದರೆ ಕವಲುಗಳೆಲ್ಲ, ಹೆಣ್ಣಿನಿಂದಲೇ ಮುಂದುವರಿಯಬೇಕು. ಕುಟುಂಬದಲ್ಲಿ ಹಿರಿಯ ಗಂಡಸಿದ್ದರೆ ಯಜಮಾನ, ಹಿರಿಯವಳು ಹೆಂಗಸಾದರೆ ಯಜಮಾನ್ತಿ. ಇಬ್ಬರೂ ಹೋಗುತ್ತಿದ್ದುದು ಒಂದೇ ದೇವಸ್ಥಾನಕ್ಕೆ, ಪ್ರಸಾದ ಪಡೆಯುತ್ತಿದ್ದುದು ಒಬ್ಬರೇ ತಂತ್ರಿಯಿಂದ. ಅಳಿಯಸಂತಾನಕ್ಕೂ ದೈವದ ಅಪ್ಪಣೆಯೇ ಆಧಾರವೆಂದು ಐತಿಹ್ಯ ಹೇಳುತ್ತದೆ. ಕುಂಡೋದರನೆಂಬ ಭೂತ ಅರಸನ ಮಗನನ್ನು ಬಲಿ ಕೇಳಿತು, ರಾಣಿ ಒಪ್ಪಲಿಲ್ಲ, ಅರಸನ ತಂಗಿ ತನ್ನ ಮಗನನ್ನು ಒಪ್ಪಿಸಿದಳು. ಮೆಚ್ಚಿದ ಭೂತ ಅವನನ್ನು ಉಳಿಸಿ ಭೂತಾಳ ಪಾಂಡ್ಯನೆಂದು ಹೆಸರಿಟ್ಟು, ಇನ್ನು ಮುಂದೆ ಆಸ್ತಿ ಅಳಿಯನಿಗೆ ಎಂದಿತು ಎಂಬ ಕಥೆ. ಒಂದೇ ಗ್ರಾಮದಲ್ಲಿ ಒಂದಕ್ಕೊಂದು ತಿರುಗುಮುರುಗಾದ ಎರಡು ವ್ಯವಸ್ಥೆಗಳು, ಎರಡೂ ಪವಿತ್ರ.

ಮುಂದೆ ಏನಾಯಿತು? ಕಾಸರಗೋಡು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡಕ್ಕೆ ಸೇರಿದ್ದಾಗ 1949ರ ಅಳಿಯಸಂತಾನ ಕಾಯಿದೆ ಬಂತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಅದನ್ನು ಇನ್ನಷ್ಟು ಬದಲಿಸಿತು. ಅದೇ ವರ್ಷ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು. ಕೇರಳ ಸರಕಾರ 1975ರಲ್ಲಿ ಮಾಡಿದ ಕಾಯಿದೆಯ ಪ್ರಕಾರ 1976ರ ಡಿಸೆಂಬರ್ 1ರಿಂದ ಅವಿಭಕ್ತ ಕುಟುಂಬ ಪದ್ಧತಿಯೇ ರದ್ದಾಯಿತು. ಕರ್ನಾಟಕದಲ್ಲಿ ಅಂಥ ರದ್ದತಿ ಆಗಲಿಲ್ಲ. ಹಾಗಾಗಿ ಗಡಿಯೂರು ತಲಪಾಡಿಯ ಈಚೆ ಒಂದು ಕಾನೂನು, ಆಚೆ ಇನ್ನೊಂದು. ತರವಾಡಿನ, ಅಂದರೆ ಕುಟುಂಬದ ಮೂಲಮನೆಯ, ದೈವಕ್ಕೆ ನೇಮವಂತೂ ಎರಡೂ ಕಡೆ ನಡೆಯುತ್ತಲೇ ಇದೆ. ಅಳಿಯಸಂತಾನವೆಂದರೆ ಹೆಂಗಸರ ಆಳ್ವಿಕೆ ಎಂದು ತಿಳಿಯಬೇಡಿ. ಹೆಚ್ಚಿನ ಕಡೆ ಕೀಲಿಕೈ ಮಾವನ ಸೊಂಟದಲ್ಲೇ ಇತ್ತು. ಇಲ್ಲಿ ಗಮನಿಸಬೇಕಾದದ್ದು ಬೇರೆ. ದೈವದ ಕಟ್ಟು ಎಂದು ನಂಬಿದ್ದ ವ್ಯವಸ್ಥೆ ಬದಲಾಯಿತು, ಭಕ್ತಿ ಬದಲಾಗಲಿಲ್ಲ.

ಮುಸ್ಲಿಮರಲ್ಲೂ ಹೀಗೇ ಇತ್ತು. ಕಣ್ಣೂರಿನ ಅರಕ್ಕಲ್ ಮನೆತನ ಮುಸ್ಲಿಂ ಅರಸುಮನೆತನ. ಅಲ್ಲಿ ಉತ್ತರಾಧಿಕಾರ ತಾಯಿಯ ಕಡೆಯಿಂದ, ಪಟ್ಟಕ್ಕೆ ಬಂದವಳು ಹೆಣ್ಣಾದರೆ ‘ಬೀವಿ’. ಕುರ್‌ಆನ್ ಓದಿದ ಉಲೆಮಾಗಳು ಆ ಅರಮನೆಯ ಸುತ್ತಲೇ ಇದ್ದರು. ಜೈನರಲ್ಲಿ ಹೆಣ್ಣಿಗೆ ಅದೇ ಜನ್ಮದಲ್ಲಿ ಮೋಕ್ಷ ಉಂಟೋ ಎಂಬುದೇ ದೊಡ್ಡ ವಿವಾದ. ದಿಗಂಬರರು ಇಲ್ಲ ಎಂದರು, ಶ್ವೇತಾಂಬರರು ಉಂಟು ಎಂದರು. ಹತ್ತೊಂಬತ್ತನೆಯ ತೀರ್ಥಂಕರ ಮಲ್ಲಿ ಒಬ್ಬರಿಗೆ ಗಂಡು, ಇನ್ನೊಬ್ಬರಿಗೆ ಹೆಣ್ಣು. ಕನ್ನಡ ನಾಡಿನಲ್ಲೇ ಬಾಳಿದ ಯಾಪನೀಯ ಪಂಥದ ಶಾಕಟಾಯನ, ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಸ್ತ್ರೀಗೂ ನಿರ್ವಾಣ ಉಂಟೆಂದು ತರ್ಕಬದ್ಧವಾಗಿ ವಾದಿಸಿ ಗ್ರಂಥವನ್ನೇ ಬರೆದ. ಸಾವಿರದ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ, ಧರ್ಮದ ಒಳಗೇ ನಿಂತು.

ಇನ್ನು ಪರೀಕ್ಷೆಯ ಕ್ರಮ. ‘ಶಾಸ್ತ್ರದಲ್ಲಿದೆ’ ಎಂದವರನ್ನು ಮೊದಲು ಕೇಳಬೇಕಾದದ್ದು ಗ್ರಂಥದ ಹೆಸರು, ಅಧ್ಯಾಯ, ಶ್ಲೋಕ. ಅದು ಸಿಕ್ಕಿದರೆ ಆ ಗ್ರಂಥ ಯಾವ ಮಟ್ಟದ್ದು ಎಂದು ನೋಡಬೇಕು. ವೈದಿಕ ಪರಂಪರೆಯಲ್ಲಿ ಅಪೌರುಷೇಯ, ಅಂದರೆ ಮನುಷ್ಯರು ರಚಿಸದ್ದು, ಎಂಬ ಮಾನ್ಯತೆ ಶ್ರುತಿಗೆ (ವೇದಕ್ಕೆ) ಮಾತ್ರ. ಸ್ಮೃತಿಗಳು ಮನುಷ್ಯರು ನೆನಪಿನಿಂದ ಬರೆದವು. ಎರಡಕ್ಕೂ ವಿರೋಧ ಬಂದರೆ ಸ್ಮೃತಿಯನ್ನು ಬಿಡಬೇಕೆಂದು ಜೈಮಿನಿಯ ಪೂರ್ವಮೀಮಾಂಸಾ ಸೂತ್ರ (1.3.3) ಸ್ಪಷ್ಟವಾಗಿ ಹೇಳುತ್ತದೆ. ಶ್ರುತಿಯ ಒಳಗೂ ಎಲ್ಲ ವಾಕ್ಯ ಆಜ್ಞೆಯಲ್ಲ. ‘ಮಾಡು’ ಎನ್ನುವುದು ವಿಧಿ. ಹೊಗಳಿಕೆ, ತೆಗಳಿಕೆ, ಕಥೆಗಳೆಲ್ಲ ಅರ್ಥವಾದ, ಅವುಗಳಿಗೆ ಸ್ವತಂತ್ರ ಅಧಿಕಾರವಿಲ್ಲ. ಇಸ್ಲಾಮಿನಲ್ಲಿ ಕುರ್‌ಆನ್ ಮೊದಲು, ಆಮೇಲೆ ಪ್ರವಾದಿಯವರ ನಡೆನುಡಿಯ ವರದಿಗಳಾದ ಹದೀಸ್. ಹದೀಸಿಗೂ ಯಾರು ಯಾರಿಂದ ಕೇಳಿದರು ಎಂಬ ಸನದಿನ ತನಿಖೆಯಿದೆ. ಅದರ ನಂತರ ಬರುವ ಫಿಕ್ಹ್ (ಧರ್ಮಕಾನೂನು) ವಿದ್ವಾಂಸರ ಶ್ರಮ. ನಾಲ್ಕು ಮದ್ಹಬ್‌ಗಳು (ಕಾನೂನು ಪಂಥಗಳು) ಇರುವುದೇ ಅವರಲ್ಲಿ ಭಿನ್ನಾಭಿಪ್ರಾಯ ಇದ್ದುದರಿಂದ. ಕರಾವಳಿಯವರು ಹೆಚ್ಚಾಗಿ ಅವುಗಳಲ್ಲೊಂದಾದ ಶಾಫಿ ಪಂಥದವರು. ಹೀಗಾಗಿ ‘ಇದು ಯಾವ ಮಟ್ಟದ ಮಾತು?’ ಎಂದು ಕೇಳುವುದು ಧರ್ಮನಿಂದೆಯಲ್ಲ. ಉಸ್ತಾದರೂ ಘನಪಾಠಿಗಳೂ ವಿದ್ಯಾರ್ಥಿಗಳಾಗಿದ್ದಾಗ ಕಲಿತದ್ದೇ ಅದು.

ಈಗ ನಿಮ್ಮ ಮನೆಯ ಮುಟ್ಟಿನ ವಿಷಯಕ್ಕೆ ಬರೋಣ. ಇದಕ್ಕೆ ವೇದದಲ್ಲಿ ಆಧಾರ ಇಲ್ಲವೇ ಇಲ್ಲ ಎನ್ನುವವರು ತಪ್ಪು ಹೇಳುತ್ತಾರೆ. ತೈತ್ತಿರೀಯ ಸಂಹಿತೆಯ ಎರಡನೆಯ ಕಾಂಡ, ಐದನೆಯ ಪ್ರಪಾಠಕದ ಆರಂಭದಲ್ಲೇ ಇದೆ. ಇಂದ್ರನು ತ್ವಷ್ಟೃವಿನ ಮಗ ವಿಶ್ವರೂಪನನ್ನು ಕೊಂದು ಬ್ರಹ್ಮಹತ್ಯೆಯ ದೋಷಕ್ಕೆ ಒಳಗಾದ. ಆ ದೋಷವನ್ನು ಮೂರು ಪಾಲು ಮಾಡಿ ಭೂಮಿಗೆ, ಮರಗಳಿಗೆ, ಸ್ತ್ರೀಯರಿಗೆ ಹಂಚಿದ. ಭೂಮಿಯ ಪಾಲು ತಾನಾಗಿ ಉಂಟಾದ ಚೌಳು ನೆಲವಾಯಿತು, ಯಜ್ಞ ಮಾಡುವವನು ಅಲ್ಲಿ ನೆಲೆಸಬಾರದು. ಮರದ ಪಾಲು ಅಂಟಾಯಿತು, ಕೆಂಪಗಿನ ಅಂಟನ್ನೂ ಕಡಿದ ಗಾಯದಿಂದ ಒಸರುವುದನ್ನೂ ತಿನ್ನಬಾರದು. ಸ್ತ್ರೀಯ ಪಾಲು ಮುಟ್ಟಾಯಿತು. ಅವಳೊಡನೆ ಮಾತಾಡಬಾರದು, ಕೂರಬಾರದು, ಅವಳ ಅನ್ನ ಉಣ್ಣಬಾರದು, ಅವಳು ಮೂರು ರಾತ್ರಿ ತಲೆ ಬಾಚಬಾರದು, ಕಣ್ಣಿಗೆ ಅಂಜನ ಹಚ್ಚಬಾರದು, ಉಗುರು ಕತ್ತರಿಸಬಾರದು, ನೂಲಬಾರದು.

ಓದಲು ಕಷ್ಟವಾಗುವ ಮಾತುಗಳಿವು, ಆದರೂ ಪೂರ್ತಿ ಓದಬೇಕು. ಮೊದಲನೆಯದಾಗಿ, ದೋಷ ಇಂದ್ರನದು. ಸ್ತ್ರೀ ಅದನ್ನು ಹೊತ್ತದ್ದು ಒಂದು ವರ ಪಡೆದು, ಭೂಮಿ ಮತ್ತು ಮರಗಳಂತೆಯೇ. ಎರಡನೆಯದಾಗಿ, ಇಂದು ನೆಲ ಖರೀದಿಸುವಾಗ, ಅಂಟು ತಿನ್ನುವಾಗ ಈ ಮಾತನ್ನು ಯಾರು ನೆನೆಯುತ್ತಾರೆ? ಒಂದೇ ಉಸಿರಿನಲ್ಲಿ ಹೇಳಿದ ಮೂರು ನಿಷೇಧಗಳಲ್ಲಿ ಎರಡನ್ನು ಬಿಟ್ಟು ಹೆಣ್ಣಿನ ಮೇಲಿನದನ್ನು ಮಾತ್ರ ಉಳಿಸಿಕೊಂಡವರು ಮನುಷ್ಯರು. ಆ ಆಯ್ಕೆ ವೇದದ್ದಲ್ಲ. ಮೂರನೆಯದಾಗಿ, ಉಪ್ಪಿನಕಾಯಿ ಭರಣಿ, ತುಳಸಿ, ಮಲ್ಲಿಗೆ ಬಳ್ಳಿ ಆ ಪಟ್ಟಿಯಲ್ಲಿ ಇಲ್ಲ. ಅವು ಅಡುಗೆಮನೆಯ ರೂಢಿ. ಉಪ್ಪಿನಕಾಯಿ ಕೆಡುವುದು ನೀರಿನ ಪಸೆ ತಾಗಿದರೆ, ಉಪ್ಪು ಸಾಲದಿದ್ದರೆ, ಭರಣಿಗೆ ಗಾಳಿ ಹೋದರೆ. ಅದನ್ನು ತೆಗೆಯುವ ಕೈ ಯಾರದು ಎಂಬುದರಿಂದಲ್ಲ.

ತುಳುವರು ಇದೇ ಸಂಗತಿಯನ್ನು ಬೇರೆ ರೀತಿ ಕಂಡಿದ್ದಾರೆ. ಪೊನ್ನಿ ತಿಂಗಳ ಕೊನೆಯಲ್ಲಿ, ಫೆಬ್ರವರಿಯಲ್ಲಿ ಬರುವ ಕೆಡ್ಡಸದಲ್ಲಿ ಭೂಮಿ ಮುಟ್ಟಾಗುತ್ತಾಳೆಂಬುದು ನಂಬಿಕೆ. ಆ ದಿನಗಳಲ್ಲಿ ಉಳುವುದಿಲ್ಲ, ಅಗೆಯುವುದಿಲ್ಲ, ಹಸಿಮರ ಕಡಿಯುವುದಿಲ್ಲ. ಕೊನೆಯ ದಿನ ತುಳಸಿಕಟ್ಟೆಯ ಬಳಿ ನೆಲ ಸಾರಿಸಿ ಎಣ್ಣೆ, ಸೀಗೆ, ಅರಸಿನ ಕುಂಕುಮ ಇಟ್ಟು ನನ್ನೆರಿ (ಹುರಿದ ಅಕ್ಕಿಯ ತಿನಿಸು) ಬಡಿಸುತ್ತಾರೆ. ಇಲ್ಲಿ ಮುಟ್ಟೆಂದರೆ ವಿಶ್ರಾಂತಿ, ಫಲವಂತಿಕೆ, ಗೌರವ. ಕೇರಳದ ಚೆಂಗನ್ನೂರು ದೇವಸ್ಥಾನದಲ್ಲಿ ದೇವಿಯ ಮುಟ್ಟನ್ನು ತ್ರಿಪ್ಪೂತ್ತ್ ಎಂದು ಉತ್ಸವವಾಗಿಯೇ ಆಚರಿಸುತ್ತಾರೆ. ಹೆಣ್ಣಿನ ದೇಹದ ಒಂದೇ ಸಹಜ ಕ್ರಿಯೆಗೆ ಒಂದು ಕಡೆ ದೋಷ, ಇನ್ನೊಂದು ಕಡೆ ಹಬ್ಬ. ಎರಡನ್ನೂ ಪಾಲಿಸುವ ಮನೆಗಳು ನಿಮ್ಮ ಆಸುಪಾಸಿನಲ್ಲೇ ಇವೆ. ಮೂರು ದಿನ ಕೆಲಸದಿಂದ ಬಿಡುವು ಬೇಕೆನಿಸಿದವಳು ತಾನಾಗಿ ತೆಗೆದುಕೊಳ್ಳಲಿ, ಆದರೆ ಅವಳನ್ನು ಹೊರಗೆ ಕೂರಿಸುವುದಕ್ಕೆ ದೇವರ ಹೆಸರು ಬೇಡ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಶಬರಿಮಲೆಯ ವಿಷಯವನ್ನು ಇದರೊಡನೆ ಬೆರೆಸಬೇಡಿ. ಅಲ್ಲಿನ ನಿರ್ಬಂಧ ಮುಟ್ಟಿನ ದಿನಗಳಿಗಲ್ಲ, 10ರಿಂದ 50ರ ವಯಸ್ಸಿಗೆ. ಕೇರಳ ಹೈಕೋರ್ಟ್ 1991ರಲ್ಲಿ ಅದನ್ನು ಎತ್ತಿಹಿಡಿಯಿತು, ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 28ರಂದು 4:1 ಬಹುಮತದಿಂದ ತೆಗೆದುಹಾಕಿತು, 2019ರ ನವೆಂಬರಿನಲ್ಲಿ ಮೂಲಪ್ರಶ್ನೆಗಳನ್ನು ದೊಡ್ಡ ಪೀಠಕ್ಕೆ ಕಳಿಸಿತು. 2018ರಲ್ಲಿ ಭಿನ್ನ ತೀರ್ಪು ಬರೆದವರು ಆ ಪೀಠದ ಏಕೈಕ ಮಹಿಳಾ ನ್ಯಾಯಮೂರ್ತಿ ಇಂದು ಮಲ್ಹೋತ್ರಾ. ವ್ಯಾಖ್ಯಾನದಲ್ಲಿ ಗಂಡಸರೆಲ್ಲ ಒಂದು ಕಡೆ, ಹೆಂಗಸರೆಲ್ಲ ಇನ್ನೊಂದು ಕಡೆ ಇರುತ್ತಾರೆ ಎಂದುಕೊಳ್ಳುವಂತಿಲ್ಲ.

ಮಂತ್ರದ ವಿಷಯದಲ್ಲಿ ಮೂಲಗ್ರಂಥ ನಿಮ್ಮ ಪರವಾಗಿಯೇ ಇದೆ. ಋಗ್ವೇದದ ಹತ್ತನೆಯ ಮಂಡಲದಲ್ಲಿ 39 ಮತ್ತು 40ನೆಯ ಸೂಕ್ತಗಳ ಋಷಿ ಘೋಷಾ. 125ನೆಯದರ ಋಷಿ ವಾಕ್ ಆಂಭೃಣೀ. ಮದುವೆಯ ಮಂತ್ರಗಳು ಬರುವ 85ನೆಯದಕ್ಕೆ ಸೂರ್ಯಾ ಸಾವಿತ್ರೀ. ಪುರೋಹಿತರು ಇಂದಿಗೂ ಮದುವೆ ಮಾಡಿಸುವುದು ಹೆಣ್ಣಿನ ಹೆಸರಿನಲ್ಲಿರುವ ಸೂಕ್ತದಿಂದ. ನಿಷೇಧದ ಮಾತು ಬರುವುದು ಸ್ಮೃತಿಯಲ್ಲಿ: ಹೆಣ್ಣಿಗೆ ಮದುವೆಯೇ ಉಪನಯನ, ಗಂಡನ ಸೇವೆಯೇ ಗುರುಕುಲವಾಸ ಎಂದು ಮನುಸ್ಮೃತಿ (2.67) ಹೇಳಿತು. ಇನ್ನೊಬ್ಬ ಧರ್ಮಶಾಸ್ತ್ರಕಾರ ಹಾರೀತನಾದರೋ ಸ್ತ್ರೀಯರಲ್ಲಿ ಬ್ರಹ್ಮವಾದಿನಿ (ವೇದ ಓದುವವಳು), ಸದ್ಯೋವಧು (ನೇರವಾಗಿ ಮದುವೆಯಾಗುವವಳು) ಎಂದು ಎರಡು ಬಗೆ ಮಾಡಿ, ಮೊದಲಿನವರಿಗೆ ಉಪನಯನ, ಅಗ್ನಿಕಾರ್ಯ, ವೇದಾಧ್ಯಯನ ಎಲ್ಲವನ್ನೂ ಒಪ್ಪಿದ್ದಾನೆ. ವಿಜಯನಗರದ ಮಾಧವಾಚಾರ್ಯರ ಪರಾಶರಮಾಧವೀಯ ಈ ವಚನವನ್ನು ಮುಚ್ಚಿಡಲಿಲ್ಲ, ಉದ್ಧರಿಸಿತು. ಆದರೆ ಅದು ಹಿಂದಿನ ಕಲ್ಪದ (ಯುಗಚಕ್ರದ) ಮಾತೆಂದು ಬದಿಗಿಟ್ಟಿತು.

ಹಾಗೆ ಬದಿಗಿಡುವ ಅಧಿಕಾರ ಎಲ್ಲಿಂದ ಬಂತು? ಇಲ್ಲಿ ‘ಕಲಿವರ್ಜ್ಯ’ವನ್ನು ತಿಳಿಯಲೇಬೇಕು. ಶಾಸ್ತ್ರ ಒಪ್ಪಿದ್ದರೂ ಕಲಿಯುಗದಲ್ಲಿ ಮಾಡಬಾರದ ಕರ್ಮಗಳ ಪಟ್ಟಿಯೊಂದನ್ನು ಮಧ್ಯಕಾಲದ ನಿಬಂಧಕಾರರು (ಧರ್ಮಶಾಸ್ತ್ರ ಸಂಗ್ರಹಕಾರರು) ಕೊಡುತ್ತಾರೆ: ನಿಯೋಗ (ಸಂತಾನಕ್ಕಾಗಿ ಪತಿಯಲ್ಲದವನನ್ನು ಕೂಡುವುದು), ವಿಧವಾ ವಿವಾಹ, ಸಮುದ್ರಯಾನ ಮುಂತಾದವು. ಯಾಕೆ ನಿಲ್ಲಿಸಿದರು ಎಂಬುದಕ್ಕೆ ಅವರ ಉತ್ತರ ನೇರವಾಗಿದೆ. ಲೋಕದ ರಕ್ಷಣೆಗಾಗಿ ಮಹಾತ್ಮರು ವ್ಯವಸ್ಥೆ ಮಾಡಿ ಇವನ್ನು ನಿಲ್ಲಿಸಿದರು, ಸಾಧುಗಳ ಒಪ್ಪಂದವೂ ವೇದದಂತೆಯೇ ಪ್ರಮಾಣ. ಅಂದರೆ ಬಲ್ಲವರು ಕೂತು ಮಾತಾಡಿ ಶಾಸ್ತ್ರದ ನಿಯಮವನ್ನು ಬದಲಿಸಬಹುದೆಂದು ಸಂಪ್ರದಾಯವೇ ಬರೆದಿಟ್ಟಿದೆ. ಕಡಲು ದಾಟಬಾರದೆಂಬ ವರ್ಜ್ಯವನ್ನು ಗಲ್ಫ್, ಅಮೆರಿಕ ಎಂದು ಹೊರಟ ಎಲ್ಲ ಜಾತಿಯ ಗಂಡಸರು ಬಿಟ್ಟಾಯಿತು. ಹೆಣ್ಣಿನ ಉಪನಯನವನ್ನು ಮಾತ್ರ ಮತ್ತೆ ಚರ್ಚೆಗೆ ತರಬಾರದು ಎನ್ನುವುದಕ್ಕೆ ಶಾಸ್ತ್ರದ ಕಾರಣ ನನಗೆ ಕಾಣುವುದಿಲ್ಲ.

ಆಸ್ತಿಯ ವಿಚಾರದಲ್ಲಿ ಕನ್ನಡಿಗರು ಹೆಮ್ಮೆಪಡಬೇಕಾದ ಸಂಗತಿಯೊಂದಿದೆ. ಕಲ್ಯಾಣ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಸ್ಥಾನದ ವಿಜ್ಞಾನೇಶ್ವರ, ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನ ಬರೆಯುತ್ತ ಸ್ತ್ರೀಧನವನ್ನು ವಿಶಾಲವಾಗಿ ಅರ್ಥೈಸಿದ: ತವರಿನವರು ಕೊಟ್ಟದ್ದಷ್ಟೇ ಅಲ್ಲ, ಉತ್ತರಾಧಿಕಾರ, ಕ್ರಯ, ಪಾಲು ಇವುಗಳಿಂದ ಬಂದದ್ದೂ ಹೆಣ್ಣಿನ ಸ್ವತ್ತೇ. ಬ್ರಿಟಿಷರ ಕಾಲದಲ್ಲಿ ಅಂದಿನ ಕೊನೆಯ ಮೇಲ್ಮನವಿ ನ್ಯಾಯಾಲಯವಾದ ಲಂಡನ್ನಿನ ಪ್ರಿವಿ ಕೌನ್ಸಿಲ್ ಈ ವಿಸ್ತಾರವನ್ನು ಒಪ್ಪದೆ, ಉತ್ತರಾಧಿಕಾರದಿಂದ ಬಂದ ಆಸ್ತಿಯಲ್ಲಿ ಹೆಣ್ಣಿಗೆ ಸೀಮಿತ ಹಕ್ಕು ಮಾತ್ರ ಎಂದು ಕುಗ್ಗಿಸಿತು. 1956ರ ಕಾಯಿದೆಯ 14ನೆಯ ಕಲಂ ಪೂರ್ಣ ಒಡೆತನವನ್ನು ಮರಳಿಸಿತು. ಶ್ಲೋಕ ಅದೇ. ಓದಿದವರು ಬದಲಾದಂತೆ ಹೆಣ್ಣಿನ ಹಕ್ಕು ಹಿಗ್ಗಿತು, ಕುಗ್ಗಿತು, ಮತ್ತೆ ಹಿಗ್ಗಿತು.

ಕ್ರೈಸ್ತರದ್ದನ್ನು ಚುಟುಕಾಗಿ ಹೇಳುತ್ತೇನೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 14ನೆಯ ಅಧ್ಯಾಯ ಸ್ತ್ರೀಯರು ಸಭೆಯಲ್ಲಿ ಮೌನವಾಗಿರಲಿ ಎನ್ನುತ್ತದೆ. ಅದೇ ಪತ್ರದ 11ನೆಯ ಅಧ್ಯಾಯ ಸ್ತ್ರೀಯು ಪ್ರಾರ್ಥಿಸುವಾಗ, ಪ್ರವಾದಿಸುವಾಗ ತಲೆ ಮುಚ್ಚಿಕೊಳ್ಳಲಿ ಎನ್ನುತ್ತದೆ. ಇಗರ್ಜಿಯಲ್ಲಿ ಹೆಂಗಸರು ತಲೆ ಮುಚ್ಚಬೇಕೆಂಬ ನಿಯಮ ಕಥೋಲಿಕರ 1917ರ ಕಾನೂನು ಸಂಹಿತೆಯಲ್ಲಿತ್ತು, 1983ರ ಸಂಹಿತೆಯಲ್ಲಿ ಇಲ್ಲ. 2021ರಲ್ಲಿ ಪೋಪ್ ಫ್ರಾನ್ಸಿಸ್ ವಾಚಕ ಮತ್ತು ಪೀಠಸೇವಕ ಸ್ಥಾನಗಳನ್ನು ಮಹಿಳೆಯರಿಗೂ ತೆರೆದರು, ಗುರುದೀಕ್ಷೆಯನ್ನಲ್ಲ. ಆಂಧ್ರದ ನಂದ್ಯಾಲದಲ್ಲಿ ಪ್ರೊಟೆಸ್ಟೆಂಟರ ಸಿಎಸ್‌ಐ ಸಭೆಗೆ 2013ರಲ್ಲೇ ಮಹಿಳಾ ಬಿಷಪ್ ಬಂದರು. ಬೈಬಲ್ ಎರಡೂ ಸಭೆಗಳಿಗೆ ಒಂದೇ.

ಗೆಳತಿಯ ಮಸೀದಿ ಪ್ರಶ್ನೆಗೆ ಎರಡೂ ಕಡೆಯವರ ಬಳಿ ಹದೀಸ್ ಇದೆ. ‘ಅಲ್ಲಾಹನ ದಾಸಿಯರನ್ನು ಅಲ್ಲಾಹನ ಮಸೀದಿಗಳಿಂದ ತಡೆಯಬೇಡಿ’ ಎಂಬುದು ಬುಖಾರಿಯವರ ಹದೀಸ್ ಸಂಗ್ರಹದಲ್ಲಿದೆ. ‘ಅವರಿಗೆ ಮನೆಯೇ ಉತ್ತಮ’ ಎಂಬ ಮಾತು ಅಬೂದಾವೂದ್ ಸಂಗ್ರಹದಲ್ಲಿದೆ. ಪ್ರವಾದಿಯವರ ಪತ್ನಿ ಆಯಿಶಾ, ತನ್ನ ಕಾಲದ ಹೆಂಗಸರ ನಡವಳಿಕೆ ಕಂಡಿದ್ದರೆ ಪ್ರವಾದಿಯವರು ತಡೆಯುತ್ತಿದ್ದರೆಂದು ಹೇಳಿದ್ದೂ ದಾಖಲಾಗಿದೆ. ಕೇರಳದ ಸಾಂಪ್ರದಾಯಿಕ ಸುನ್ನಿಗಳು ಕೊನೆಯೆರಡನ್ನು ಮುಂದೆ ಮಾಡಿದರು, ಸುಧಾರಣಾವಾದಿ ಮುಜಾಹಿದ್ ಸಂಘಟನೆ ಮತ್ತು ಜಮಾಅತೆ ಇಸ್ಲಾಮಿಯವರು ಮೊದಲನೆಯದನ್ನು ಹಿಡಿದು ಮಹಿಳೆಯರಿಗೆ ಜಾಗ ಮಾಡಿದರು. ಅಖಿಲ ಭಾರತ ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿಯೂ 2020ರಲ್ಲಿ, ಮಹಿಳೆಯರು ಮಸೀದಿ ಪ್ರವೇಶಿಸಿ ನಮಾಜು ಮಾಡಲು ಅಡ್ಡಿಯಿಲ್ಲವೆಂದು ಸುಪ್ರೀಂ ಕೋರ್ಟಿಗೆ ತಿಳಿಸಿತು. ಹಾಗಾಗಿ ಬಾಗಿಲು ಮುಚ್ಚಿದ್ದು ಕುರ್‌ಆನ್ ಅಲ್ಲ, ಯಾವ ಹದೀಸಿಗೆ ಎಷ್ಟು ತೂಕ ಎಂಬ ವಿದ್ವಾಂಸರ ನಿರ್ಣಯ.

ಮನೆಯಲ್ಲಿ ಈ ವಿಷಯ ಎತ್ತುವಾಗ ಸಾಮಾನ್ಯವಾಗಿ ಆಗುವ ಎಡವಟ್ಟು ಎರಡು. ಎಲ್ಲವನ್ನೂ ಒಂದೇ ದಿನ, ಅದೂ ಪೂಜೆಯ ದಿನವೇ ಕೇಳುವುದು ಒಂದು. ಮೊಬೈಲಿನಲ್ಲಿ ಬಂದ ಅರ್ಧ ಶ್ಲೋಕ ಹಿಡಿದು ವಾದಿಸುವುದು ಇನ್ನೊಂದು. ಗ್ರಂಥಾಧಾರವೇ ಇಲ್ಲದ ನಿಯಮದಿಂದ ಆರಂಭಿಸಿ, ಉದಾಹರಣೆಗೆ ಉಪ್ಪಿನಕಾಯಿ ಭರಣಿ. ‘ಅಜ್ಜೀ, ಇದು ಎಲ್ಲಿ ಬರೆದದ್ದು?’ ಎಂದು ನಿಜವಾಗಿ ತಿಳಿಯಬೇಕೆಂಬ ಮನಸ್ಸಿನಿಂದ ಕೇಳಿ. ಅಜ್ಜಿ ‘ನಮ್ಮ ಅತ್ತೆ ಹೇಳಿದ್ದು’ ಎಂದರೆ ಅದೇ ಪ್ರಾಮಾಣಿಕ ಉತ್ತರ, ಅಲ್ಲಿಗೆ ಅದು ದೇವರ ನಿಯಮವಲ್ಲ ಎಂದು ಇಬ್ಬರಿಗೂ ತಿಳಿಯಿತು. ಆ ಕಟ್ಟಳೆಯನ್ನು ಜೀವನಪೂರ್ತಿ ಹೊತ್ತವರು ಅವರೇ ಎಂಬುದನ್ನು ಮರೆಯಬೇಡಿ.

ಇನ್ನು ಗೆಳತಿಯ ಆಸ್ತಿ. ಇಲ್ಲಿ ನೇರ ವಚನ ಯಾವುದು, ವ್ಯಾಖ್ಯಾನ ಯಾವುದು ಎಂಬುದನ್ನು ಬಿಡಿಸಿ ನೋಡಬೇಕು. ಮಗನಿಗೆ ಇಬ್ಬರು ಹೆಣ್ಣುಮಕ್ಕಳ ಪಾಲು ಎಂಬುದು ಕುರ್‌ಆನಿನ 4:11ರ ಸ್ಪಷ್ಟ ವಚನ, ಅದನ್ನು ಬರೀ ವ್ಯಾಖ್ಯಾನ ಎನ್ನಲಾಗದು. ಗಂಡುಮಕ್ಕಳಿಲ್ಲದೆ ಇಬ್ಬರಿಗಿಂತ ಹೆಚ್ಚು ಹೆಣ್ಣುಮಕ್ಕಳಿದ್ದರೆ ಅವರಿಗೆ ಒಟ್ಟು ಮೂರರಲ್ಲಿ ಎರಡು ಪಾಲು ಎಂಬುದೂ ಅಲ್ಲೇ ಇದೆ, ಇಬ್ಬರೇ ಇದ್ದರೂ ಅಷ್ಟೇ ಎಂದು ವಿದ್ವಾಂಸರು ಅರ್ಥೈಸಿದ್ದಾರೆ. ಆದರೆ ಉಳಿದದ್ದು ದೊಡ್ಡಪ್ಪನಿಗೆ ಎಂಬುದು ಆ ವಚನದಲ್ಲಿ ಇಲ್ಲ. ‘ಪಾಲು ಕೊಟ್ಟು ಉಳಿದದ್ದು ಹತ್ತಿರದ ಗಂಡಸಿಗೆ’ ಎಂಬ ಹದೀಸಿನ ಮೇಲೆ ಸುನ್ನಿ ಫಿಕ್ಹ್ ಕಟ್ಟಿದ್ದು. ಶಿಯಾ ಕಾನೂನಿನಲ್ಲಿ ಮಗಳಿದ್ದರೆ ಸಹೋದರನಿಗೆ ಏನೂ ಇಲ್ಲ, ಉಳಿಕೆ ಮಗಳಿಗೇ ಮರಳುತ್ತದೆ. ಸುನ್ನಿ ದೇಶವಾದ ಟ್ಯುನೀಷಿಯವೂ 1959ರಲ್ಲಿ ಹಾಗೆಯೇ ತಿದ್ದಿಕೊಂಡಿತು.

ಲೆಕ್ಕ ಹಾಕಿ ನೋಡಿ. ತಂದೆಗೆ 24 ಸೆಂಟ್ಸ್ ಜಾಗ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಒಬ್ಬ ಅಣ್ಣ. ತಂದೆತಾಯಿ, ಅಕ್ಕತಂಗಿಯರು ಯಾರೂ ಇಲ್ಲ ಎಂದುಕೊಳ್ಳೋಣ. ಸುನ್ನಿ ಕಾನೂನಿನಂತೆ ಹೆಂಡತಿಗೆ ಎಂಟರಲ್ಲೊಂದು, ಅಂದರೆ 3 ಸೆಂಟ್ಸ್. ಹೆಣ್ಣುಮಕ್ಕಳಿಗೆ ತಲಾ 8. ಉಳಿದ 5 ಅಣ್ಣನಿಗೆ. ಮಗಳು ಒಬ್ಬಳೇ ಆದರೆ ಅವಳಿಗೆ 12, ಅಣ್ಣನಿಗೆ 9.

ಧರ್ಮದ ಒಳಗೇ ಇರುವ ದಾರಿ ಹಿಬಾ. ತಂದೆ ಬದುಕಿರುವಾಗಲೇ ಹೆಣ್ಣುಮಕ್ಕಳಿಗೆ ದಾನ ಕೊಡುವುದು, ಇದಕ್ಕೆ ಮಿತಿಯಿಲ್ಲ. ಮಕ್ಕಳಿಗೆ ಕೊಡುವಾಗ ಸಮಾನವಾಗಿ ಕೊಡಿ ಎಂಬ ಹದೀಸೂ ಬುಖಾರಿಯಲ್ಲಿದೆ. ಕೊಟ್ಟೆನೆಂಬ ಘೋಷಣೆ, ಮಕ್ಕಳ ಸ್ವೀಕಾರ, ಸ್ವಾಧೀನ ಬಿಟ್ಟುಕೊಡುವುದು, ಈ ಮೂರೂ ಆಗಬೇಕು. ಹೆಚ್ಚಿನ ಹಿಬಾ ಕೋರ್ಟಿನಲ್ಲಿ ಬಿದ್ದುಹೋಗುವುದು ಮೂರನೆಯದರಲ್ಲಿ: ಪತ್ರ ಮಾಡಿಟ್ಟು, ತೆಂಗು ಅಡಕೆಯ ಫಸಲು, ತೆರಿಗೆ ರಶೀದಿ, ಬಾಡಿಗೆ ಎಲ್ಲ ತಂದೆಯ ಹೆಸರಿನಲ್ಲೇ ಮುಂದುವರಿದರೆ ಸ್ವಾಧೀನ ಕೊಟ್ಟದ್ದಕ್ಕೆ ಪುರಾವೆ ಉಳಿಯುವುದಿಲ್ಲ. ಉಯಿಲು ಇಲ್ಲಿ ಅಷ್ಟು ಕೆಲಸಕ್ಕೆ ಬಾರದು. ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಬರೆಯುವಂತಿಲ್ಲ. ವಾರಸುದಾರರಿಗೇ ಬರೆದರೆ ಉಳಿದ ವಾರಸುದಾರರು ಒಪ್ಪಬೇಕು, ಅದೂ ತಂದೆಯ ಮರಣದ ನಂತರ.

ಇನ್ನೊಂದು ದಾರಿ ವಿಶೇಷ ವಿವಾಹ ಕಾಯಿದೆ. 2023ರ ಮಾರ್ಚ್ 8ರಂದು ನಿಮ್ಮ ಜಿಲ್ಲೆಯ ಹೊಸದುರ್ಗದಲ್ಲೇ ವಕೀಲರೊಬ್ಬರು, ಹೆಣ್ಣುಮಕ್ಕಳಿಗೆ ಪೂರ್ತಿ ಆಸ್ತಿ ಸಿಗಲೆಂದು, ನಿಕಾಹ್ ಆಗಿ ವರ್ಷಗಳ ನಂತರ ಪತ್ನಿಯೊಡನೆ ಈ ಕಾಯಿದೆಯಡಿ ಮದುವೆ ನೋಂದಾಯಿಸಿದ್ದು ರಾಜ್ಯವಿಡೀ ಸುದ್ದಿಯಾಯಿತು. ಮೊದಲೇ ನಡೆದ ಮದುವೆಯನ್ನು ನೋಂದಾಯಿಸಲು 15ನೆಯ ಕಲಂ ಅವಕಾಶ ಕೊಡುತ್ತದೆ. ನೋಂದಾಯಿಸಿದ ಮೇಲೆ 21ನೆಯ ಕಲಮಿನಂತೆ ಆಸ್ತಿ ಭಾರತೀಯ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಹೋಗುತ್ತದೆ. ಅದೇ 24 ಸೆಂಟ್ಸಿನಲ್ಲಿ ಹೆಂಡತಿಗೆ 8, ಹೆಣ್ಣುಮಕ್ಕಳಿಗೆ ತಲಾ 8, ಅಣ್ಣನಿಗೆ ಇಲ್ಲ. ಗಂಡಹೆಂಡತಿ ಒಟ್ಟಿಗೆ ಬಾಳುತ್ತಿರಬೇಕು, ಇಬ್ಬರಿಗೂ 21 ತುಂಬಿರಬೇಕು, ಬೇರೆ ಪತಿ ಅಥವಾ ಪತ್ನಿ ಜೀವಂತ ಇರಬಾರದು, ಅರ್ಜಿಗೆ ಮುಂಚೆ ಕನಿಷ್ಠ 30 ದಿನ ಆ ಜಿಲ್ಲೆಯಲ್ಲಿ ವಾಸವಿರಬೇಕು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅರ್ಜಿ ಕೊಟ್ಟ ಮೇಲೆ 30 ದಿನಗಳ ಸಾರ್ವಜನಿಕ ನೋಟೀಸು, ನಂತರ ಮೂವರು ಸಾಕ್ಷಿಗಳ ಸಹಿ. ದೊಡ್ಡಪ್ಪ, ಚಿಕ್ಕಪ್ಪ, ಅತ್ತೆ, ಮಾವಂದಿರ ಮಕ್ಕಳೊಳಗೇ ಮದುವೆಯಾದವರಾದರೆ ಈ ಕಾಯಿದೆಯ ನಿಷಿದ್ಧ ಸಂಬಂಧಗಳ ಪಟ್ಟಿ ಅಡ್ಡ ಬರಬಹುದು. ಅರ್ಜಿ ಬರೆಯುವ ಮೊದಲು ಗೆಳತಿಯ ತಂದೆತಾಯಿ ಅದನ್ನು ವಕೀಲರ ಬಳಿ ಖಚಿತಪಡಿಸಿಕೊಳ್ಳಲಿ. ಅಡ್ಡಿಯಿದ್ದರೆ ಹಿಬಾವನ್ನೇ ಸರಿಯಾಗಿ, ಸ್ವಾಧೀನಸಹಿತ ಮಾಡಿಸಲಿ.